ಬೆನ್ನಿಗೆ ಅಂಟು ಬಳಿದವರು: ಆನೆ ಪೈಸೆಯೊಂದರ ಸಂದರ್ಶನ

ಹಳೆ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂಬ ಮೊಬೈಲ್ ಜಾಹೀರಾತು ಚನ್ನಗಿರಿಯ ಅಡಿಕೆ ಮಂಡಿಯಿಂದ ಜಗಳೂರಿನ ಬಸ್ ನಿಲ್ದಾಣದವರೆಗೆ ಯಾರನ್ನೂ ಬಿಟ್ಟಿಲ್ಲ. ತನ್ನ ಹೆಸರಿನಲ್ಲಿ ಇಂಥ ಮೋಸ ನಡೆಯುತ್ತಿದೆ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿತ್ತು. ಆ ಎಚ್ಚರಿಕೆಯನ್ನು ಫಾರ್ವರ್ಡ್ ಮಾಡಿದವರು ಕಡಿಮೆ. ಹೀಗಾಗಿ ಟ್ರಂಕಿನ ತಳದಲ್ಲಿದ್ದ ತಾಮ್ರವೆಲ್ಲ ಈಗ ಆಲ್ಬಂ ಸೇರುತ್ತಿದೆ, ಗಾಜಿನ ಪೆಟ್ಟಿಗೆ ಸೇರುತ್ತಿದೆ. ಅಂಥ ಪೆಟ್ಟಿಗೆಯೊಂದರಲ್ಲಿ ಕೆಂಪು ಮಖಮಲ್ಲಿಗೆ ಬೆನ್ನು ಅಂಟಿಸಿಕೊಂಡು ಕೂತಿದ್ದ ಟಿಪ್ಪು ಕಾಲದ ಆನೆ ಪೈಸೆ ಮಾತಿಗೆ ಸಿಕ್ಕಿತು.

ಪ್ರಶ್ನೆ: ಅಜ್ಜಾ, ಹೊಸ ಮನೆ ಹಿಡಿಸಿತೇ?

ಪೈಸೆ: ಮನೆ ಮಾತು ಆಮೇಲೆ ಕಣಪ್ಪ, ಮೊದಲು ಹುಣಸೆಹಣ್ಣಿನ ಮಾತು. ಇನ್ನೂರು ವರ್ಷ ಸುಮ್ಮನೆ ಕೂತು ಕಂದು ಮೈ ಕಟ್ಟಿಕೊಂಡಿದ್ದೆ. ನನ್ನನ್ನು ಕಾಯುತ್ತಿದ್ದುದೇ ಅದು. ಇವರು ಕೊಳೆ ಅಂದುಕೊಂಡು, ಹುಣಸೆಹಣ್ಣು, ಕಲ್ಲುಪ್ಪು ಹಾಕಿ ತಂಬಿಗೆ ಬೆಳಗಿದ ಹಾಗೆ ಬೆಳಗಿಬಿಟ್ಟರು. ಹುಳಿ ಮೈ ತಿಂದಿತು, ಉಪ್ಪು ಒಳಗೆ ಕೂತಿತು. ಉಪ್ಪಿನ ಕ್ಲೋರೈಡ್‌ಗೆ ಮಳೆಗಾಲದ ತೇವ ಸಿಕ್ಕರೆ ತಾಮ್ರ ತಿಳಿಹಸಿರು ಪುಡಿಯಾಗಿ ಉದುರುತ್ತದೆ. ಬಗ್ಗಿ ನೋಡು, ಆನೆಯ ಹಿಂಗಾಲಿನ ಹತ್ತಿರ ಆಗಲೇ ಶುರುವಾಗಿದೆ.

ಪ್ರಶ್ನೆ: ಅದಿರಲಿ. ನಾಣ್ಯವನ್ನು ಪೆಟ್ಟಿಗೆಯಲ್ಲಿಡಬೇಕೋ, ಆಲ್ಬಂನಲ್ಲೋ, ಲಕೋಟೆಯಲ್ಲೋ ಎಂದು ಜನ ಹೊಳಪು ನೋಡಿ ತೀರ್ಮಾನಿಸುತ್ತಾರೆ. ಸಿಕ್ಕ ಊರು, ಟಂಕಸಾಲೆ ಬರೆದಿಟ್ಟ ಚೀಟಿ ನೋಡಿ ತೀರ್ಮಾನಿಸಿ ಎನ್ನುವುದು ನನ್ನ ವಾದ. ನಿಮ್ಮ ಎದುರಿಗೆ ಆನೆ, ಬೆನ್ನ ಮೇಲೆ ಪಾರಸಿ ಅಕ್ಷರದಲ್ಲಿ ಟಂಕಸಾಲೆಯ ಹೆಸರು. ನಗರ ಎಂದಿದ್ದರೆ ಬಿದನೂರು, ಫರ್ರುಖ್‌ಯಾಬ್ ಹಿಸಾರ್ ಎಂದಿದ್ದರೆ ಚಿತ್ರದುರ್ಗ. ಹೊನ್ನಾಳಿ, ನ್ಯಾಮತಿ ಕಡೆಯ ಮನೆಯಲ್ಲಿ ನಗರದ ಪೈಸೆ, ಜಗಳೂರಿನ ಮನೆಯಲ್ಲಿ ದುರ್ಗದ ಪೈಸೆ ಸಿಕ್ಕರೆ ಆಶ್ಚರ್ಯವಿಲ್ಲ. ಅದಲುಬದಲಾಗಿ ಸಿಕ್ಕರೆ ಯಾವ ಸಂತೆ, ಯಾವ ದಂಡು ಹೊತ್ತು ತಂದಿತು ಎಂದು ಕೇಳಬೇಕಾಗುತ್ತದೆ. ಬೆನ್ನಿಗೆ ಅಂಟು ಬಳಿದು, ಸಿಕ್ಕ ಊರನ್ನೂ ಬರೆಯದೆ ಬಿಟ್ಟರೆ ಕೇಳಲು ಏನು ಉಳಿಯಿತು? ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಸಾತವಾಹನರ ಕಾಲದ ನೆಲೆಯಲ್ಲಿ ರೋಮಿನ ಬೆಳ್ಳಿ ನಾಣ್ಯ ಸಿಕ್ಕಿತು. ಅಂಥ ನಾಣ್ಯ ಯುರೋಪಿನ ಅಂಗಡಿಗಳಲ್ಲಿ ಈಗಲೂ ಮಾರಾಟಕ್ಕಿದೆ. ಚಂದ್ರವಳ್ಳಿಯ ಮಣ್ಣಿನಲ್ಲಿ ಸಿಕ್ಕದ್ದು ಎಂಬ ಒಂದು ಸಾಲಿನಿಂದಲೇ ಅದು ನಮ್ಮ ಚರಿತ್ರೆಗೆ ಸೇರಿತು. ಚೀಟಿಯಲ್ಲಿ ಊರೇ ಇರಬೇಕು, ಜಿಲ್ಲೆ ಸಾಲದು. 1997ರವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ಈಗ ಎಲ್ಲ ದಾವಣಗೆರೆ. ನ್ಯಾಮತಿ ಆಗ ತಾಲ್ಲೂಕೇ ಅಲ್ಲ. ‘ಶಿವಮೊಗ್ಗ ಜಿಲ್ಲೆ’ ಎಂದಷ್ಟೇ ಬರೆದ ಹಳೆ ಚೀಟಿ ಹಿಡಿದು ಯಾವ ಊರಿಗೆ ಹೋಗುವುದು? ಒಪ್ಪುತ್ತೀರಲ್ಲ?

ಪೈಸೆ: ಅದರಲ್ಲಿ ಪ್ರಶ್ನೆ ಯಾವುದಪ್ಪ? ಹುಣಸೆಹಣ್ಣಾದ ಮೇಲೆ ಪಾತ್ರೆ ಪುಡಿ, ಅದಾದ ಮೇಲೆ ಹಳೆ ಟೂತ್‌ಬ್ರಶ್...

ಪ್ರಶ್ನೆ: ಬರುತ್ತೇನೆ, ಬರುತ್ತೇನೆ. ಆಲ್ಬಂನಲ್ಲಿ ಎರಡೂ ಬದಿ ಕಾಣುತ್ತದಲ್ಲ, ಲಕೋಟೆಯಲ್ಲಿ ಮುಚ್ಚಿಟ್ಟರೆ ಯಾರಿಗೆ ಬಂತು ಭಾಗ್ಯ ಎಂದು ಸಂಗ್ರಾಹಕರು ಕೇಳುತ್ತಾರೆ. ನ್ಯಾಯವಾದ ಮಾತೇ. ಆದರೆ ಅಗ್ಗದ ಆಲ್ಬಂ ಹಾಳೆ ಸಾಮಾನ್ಯವಾಗಿ ಪಿವಿಸಿ. ಅದನ್ನು ಮೆದುವಾಗಿಸಲು ಬೆರೆಸಿದ ರಾಸಾಯನಿಕ ವರ್ಷ ಕಳೆದಂತೆ ಜಿನುಗುತ್ತದೆ, ಪ್ಲಾಸ್ಟಿಕ್ ಕೆಡುತ್ತ ಆಮ್ಲ ಬಿಡುತ್ತದೆ, ತಾಮ್ರಕ್ಕೆ ಹಸಿರು ಜಿಗುಟು ಹತ್ತುತ್ತದೆ. ಚನ್ನಗಿರಿಯ ತೋಟದ ಮನೆಯ ತೇವದಲ್ಲಿ ಬೇಗ, ಜಗಳೂರಿನ ಒಣಹವೆಯಲ್ಲಿ ತಡವಾಗಿ, ಅಷ್ಟೇ ವ್ಯತ್ಯಾಸ. ಪಾಲಿಯೆಸ್ಟರ್ ಹಾಳೆಯ ಆಲ್ಬಂ ಇಲ್ಲವೇ ಆಮ್ಲರಹಿತ ಕಾಗದದ ಲಕೋಟೆ, ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ, ಪ್ರದರ್ಶನಕ್ಕೆ ಎರಡೂ ಮುಖದ ದೊಡ್ಡ ಫೋಟೋ. ಸವೆದ ಅಕ್ಷರ ಬರಿಗಣ್ಣಿಗಿಂತ ಫೋಟೋದಲ್ಲೇ ಚೆನ್ನಾಗಿ ಕಾಣುತ್ತದೆ.

ಪೈಸೆ: ಫೋಟೋಗೆ ಮುಂಚೆ ಮತ್ತೊಂದು ಸಲ ಬೆಳಗುತ್ತಾರೆ.

ಪ್ರಶ್ನೆ: ನೀವೇನೋ ಟ್ರಂಕಿನವರು. ಮಣ್ಣಿನಲ್ಲಿದ್ದ ನಿಮ್ಮ ಬಳಗದವರು?

ಪೈಸೆ: ಅವರ ಸುದ್ದಿಗೆ ನಗಬೇಡ. ನಿಧಿಯಾಸೆಗೆ ರಾತ್ರೋರಾತ್ರಿ ಪಾಳುಗುಡಿಯ ಗರ್ಭಗುಡಿ ಅಗೆಯುತ್ತಾರೆ, ಲಿಂಗ ಕೀಳುತ್ತಾರೆ. ಕುಡಿಕೆ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನಿದೆ, ಗೊತ್ತಿದ್ದೂ ಹಂಚಿಕೊಳ್ಳುತ್ತಾರೆ. ಚಿನ್ನವಾದರೆ ಕರಗಿಸುತ್ತಾರೆ, ತಾಮ್ರವಾದರೆ ಗುಜರಿಗೆ ತೂಗುತ್ತಾರೆ. ಒಂದೇ ಕುಡಿಕೆಯಲ್ಲಿ ಯಾವ ಯಾವ ರಾಜರ ನಾಣ್ಯ ಒಟ್ಟಿಗಿದ್ದವು ಎಂಬುದು ಆ ಕಾಲದ ವ್ಯಾಪಾರಕ್ಕೆ ಸಾಕ್ಷಿ. ಸಾಕ್ಷಿ ನಾಶ ಮಾಡಿದವರು ಕಳ್ಳರು, ಸರಿ. ಎಲ್ಲಿಯದೆಂದು ಕೇಳದೆ ಅದನ್ನು ಕೊಂಡು, ಮಖಮಲ್ಲಿನ ಮೇಲೆ ಜೋಡಿಸಿ ಬಹುಮಾನ ಹೊಡೆಯುವವರನ್ನು ಏನೆನ್ನಬೇಕು? ಕೊಳ್ಳುವವನಿಲ್ಲದಿದ್ದರೆ ಅಗೆಯುವವನಿಗೆ ಹಾರೆ ಯಾಕೆ ಬೇಕಿತ್ತು?

ಪ್ರಶ್ನೆ: ನಿಮ್ಮ ಚೀಟಿಯನ್ನಾದರೂ ನೋಡಿಬಿಡುತ್ತೇನೆ. ಊರಿಲ್ಲ, ಟಂಕಸಾಲೆಯಿಲ್ಲ. ‘ಅತಿ ಅಪರೂಪ, ಐದು ಲಕ್ಷ’ ಎಂದಷ್ಟೇ ಇದೆ.

ಪೈಸೆ: ಅಪರೂಪ? ಪಕ್ಕದ ಸಾಲಿನಲ್ಲೇ ನನ್ನಂಥವರು ಮೂವರಿದ್ದಾರೆ, ಎಣಿಸಿಕೋ. ಆಮೇಲೆ ಟೂತ್‌ಬ್ರಶ್ಶಿನ ವಿಷಯ ಬರೆದುಕೊಂಡೆ ತಾನೆ?