ನಿಸ್ತಂತು ತಂತಿದರ್ಪಣಂ
(ಅಲಾರಂ ರೇಡಿಯೋ ಜೋಡಣೆಯ ಸವೃತ್ತಿಕ ಸೂತ್ರಗಳು)

ಪೀಠಿಕೆ: ಬೆಂಕಿ ಬಿದ್ದ ಸುದ್ದಿಯನ್ನು ತಂತಿಯ ಮೇಲೆ ಅಟ್ಟುವ ಸಂಪ್ರದಾಯವು 1852ರಲ್ಲಿ ಬಾಸ್ಟನ್ ನಗರದಲ್ಲಿ ಚಾನಿಂಗ್ ಮತ್ತು ಫಾರ್ಮರ್ ಎಂಬ ಪೂರ್ವಾಚಾರ್ಯರಿಂದ ಪ್ರವರ್ತಿತವಾಯಿತು. ಅದೇ ಮ್ಯಾಸಚೂಸೆಟ್ಸ್ ಪ್ರಾಂತ್ಯದ ಪೀಬಡಿಯಲ್ಲಿ ನೆಲೆಸಿದ ಎಇಎಸ್ ಎಂಬ ಕಂಪನಿಪೀಠದವರು ಮುಂದೆ ರೇಡಿಯೋಜಾಲ ಮತವನ್ನು ಪ್ರತಿಪಾದಿಸಿದರು. ಇದರಂತೆ ಪ್ರತಿ ಕಟ್ಟಡದ ರೇಡಿಯೋ ತನ್ನ ಸುದ್ದಿಯ ಜೊತೆಗೆ ನೆರೆಯವರ ಸುದ್ದಿಯನ್ನೂ ಅಲಾರಂ ಕಾವಲು ಕೇಂದ್ರಕ್ಕೆ ದಾಟಿಸುತ್ತದೆ. ನೆರೆಮನೆಯ ಸುದ್ದಿ ಹರಡುವುದನ್ನು ಲೋಕ ದೋಷವೆನ್ನುತ್ತದೆ; ಈ ದರ್ಶನದಲ್ಲಿ ಅದು ನಿತ್ಯಕರ್ಮ.

ಸೂತ್ರ 1: ಮೊದಲು ಆಂಟೆನಾ, ಬಳಿಕ ಕರೆಂಟು.
ವೃತ್ತಿ: ಆಂಟೆನಾ ಇಲ್ಲದೆ ಪ್ರಸಾರಕ್ಕಿಳಿದರೆ ರೇಡಿಯೋದ ಶಕ್ತಿ ಹೊರಹೋಗಲಾರದೆ ಹಿಂತಿರುಗಿ, ಹುಟ್ಟಿದ ಆಂಪ್ಲಿಫೈಯರನ್ನೇ ಸುಟ್ಟೀತು. ನಡುವಿನ ಕೋಆಕ್ಸಿಯಲ್ ಕೇಬಲ್ 50 ಓಮಿನದು. ಮನೆಯಲ್ಲಿ ಮಿಕ್ಕಿದೆಯೆಂದು ಟೀವಿಯ 75 ಓಮಿನ ಕೇಬಲ್ ಸಿಕ್ಕಿಸುವವರು ಮಿತವ್ಯಯಿಗಳಲ್ಲ, ಶಾಸ್ತ್ರಭ್ರಷ್ಟರು.

ಸೂತ್ರ 2: ಪ್ಯಾನೆಲ್ಲಿಗೆ ಮಾಯೆಯೇ ಸತ್ಯ.
ವೃತ್ತಿ: ಹಳೆಯ ಅಲಾರಂ ಪ್ಯಾನೆಲ್ಲಿಗೆ ಟೆಲಿಫೋನ್ ಹೊರತು ಅನ್ಯಲೋಕವಿಲ್ಲ. ಆದ್ದರಿಂದ ಅದರ ಫೋನ್ ಟರ್ಮಿನಲ್ಲಿನಿಂದ ಎರಡು ವೈರು ರೇಡಿಯೋಗೆ ಎಳೆಯತಕ್ಕದ್ದು. ಪ್ಯಾನೆಲ್ ಲೈನು ಹಿಡಿದರೆ ರೇಡಿಯೋ ಡಯಲ್ ಟೋನ್ ನುಡಿಸುತ್ತದೆ; ನಂಬರ್ ಒತ್ತಿದರೆ ದೂರದ ಕೇಂದ್ರದ ದನಿ ಅನುಕರಿಸಿ ಮೊದಲು 1400, ಆಮೇಲೆ 2300 ಹರ್ಟ್ಸ್‌ನಲ್ಲಿ ಓಗೊಡುತ್ತದೆ. ಪ್ಯಾನೆಲ್ ಪುಲಕಿತವಾಗಿ ಕಾಂಟ್ಯಾಕ್ಟ್ ಐಡಿ ಸಂಕೇತದಲ್ಲಿ ಸಕಲವನ್ನೂ ಒಪ್ಪಿಸುತ್ತದೆ. ತಾನು ಮಾತಾಡಿದ್ದು ಪಕ್ಕದ ಗೋಡೆಯ ಡಬ್ಬದೊಡನೆ ಎಂಬ ಜ್ಞಾನೋದಯ ಅದಕ್ಕೆ ಎಂದೂ ಆಗಕೂಡದು.

ಸೂತ್ರ 3: ತುದಿಯದು ತುದಿಯಲ್ಲೇ.
ವೃತ್ತಿ: ಪ್ಯಾನೆಲ್ಲಿನ ಅಲಾರಂ ರಿಲೇಯಿಂದ ರೇಡಿಯೋಗೆ ಬರುವ ಜೋಡಿ ವೈರಿಗೆ ರಿಲೇಯ ಬಳಿ ಒಂದು ರೆಸಿಸ್ಟರ್ ವಿಹಿತ. ಅದು ಕೂಗದು, ಮಿನುಗದು. ಅದರ ಮೂಲಕ ಅಲ್ಪ ಕರೆಂಟು ಹರಿಯುವ ತನಕ ಕ್ಷೇಮ. ವೈರು ತುಂಡಾದರೆ ಟ್ರಬಲ್. ರಿಲೇ ಎರಡೂ ವೈರನ್ನು ಕೂಡಿಸಿದರೆ ಅಲಾರಂ.
ಪೂರ್ವಪಕ್ಷ: ಇದೊಂದಕ್ಕಾಗಿ ಪ್ಯಾನೆಲ್ಲನ್ನು ಮತ್ತೆ ಬಿಚ್ಚುವುದೇಕೆ? ರೇಡಿಯೋದ ಟರ್ಮಿನಲ್ಲಿಗೇ ಸಿಕ್ಕಿಸಿದರೆ ಅದೇ ಓಮ್, ಅದೇ ನೆಮ್ಮದಿ.
ಸಿದ್ಧಾಂತ: ಆಗ ರೇಡಿಯೋ ತನ್ನ ಹೊಟ್ಟೆಯನ್ನು ತಾನೇ ತಡವಿಕೊಂಡು ಊರಿನವರೆಲ್ಲ ಉಂಡರೆಂದು ಸಾರುತ್ತದೆ. ಹೊರಗೆ ಇಲಿ ವೈರು ಕಡಿದರೂ ಅದಕ್ಕೆ ತಿಳಿಯದು. ಈ ಪೂರ್ವಪಕ್ಷಿಗಳಿಗೆ ಶಾಸ್ತ್ರದಲ್ಲಿ 'ಶುಕ್ರವಾರ ಸಾಯಂಕಾಲವಾದಿಗಳು' ಎಂದು ಹೆಸರು.

ಸೂತ್ರ 4: ಮೌನ ಸಮ್ಮತಿಯಲ್ಲ.
ವೃತ್ತಿ: ಹೆಣ್ಣು ನೋಡುವ ಶಾಸ್ತ್ರದಲ್ಲಿ ಸಲ್ಲುವ ನ್ಯಾಯ ಇಲ್ಲಿ ಸಲ್ಲದು. ಸುಮ್ಮನಿರುವ ರೇಡಿಯೋ ಸುಖವಾಗಿದೆಯೋ ಸತ್ತಿದೆಯೋ ಎಂದು ಕೇಂದ್ರಕ್ಕೆ ಗೊತ್ತಾಗುವುದೆಂತು? ಕೇಂದ್ರಕ್ಕೆ ಒಂದೇ ಹಾದಿಯಿದ್ದರೆ, ಅದು ಕಡಿದದ್ದು 60 ನಿಮಿಷದೊಳಗೆ ತಿಳಿಯಬೇಕೆಂದು ಅಮೆರಿಕದ ಎನ್‌ಎಫ್‌ಪಿಎ 72 ಸಂಹಿತೆಯ ಈಚಿನ ಪಾಠಗಳು ವಿಧಿಸುತ್ತವೆ. ಆದಕಾರಣ ರೇಡಿಯೋ ಸರಿರಾತ್ರಿಯಲ್ಲೂ 'ಇದ್ದೇನೆ, ಇದ್ದೇನೆ' ಎನ್ನುತ್ತಿರಬೇಕು. ಕರೆಂಟು ಹೋಯಿತೆಂದು ರಜೆಯಿಲ್ಲ: ಬ್ಯಾಟರಿಯ ಮೇಲೆ 24 ಗಂಟೆ ಕಾದ ಮೇಲೂ ಅಲಾರಂ ಕೂಗುವ ಕಸುವು ಉಳಿದಿರಬೇಕು.

ಫಲಶ್ರುತಿ: ಈ ಸೂತ್ರಗಳನ್ನು ಪಠಿಸಿ ವೈರಿಂಗ್ ಮಾಡಿದವನ ಬಳಿಗೆ ಇನ್‌ಸ್ಪೆಕ್ಟರ್ ಬಂದು, ರಿಲೇಯ ಬಳಿ ಒಂದು ವೈರನ್ನು ಮೆಲ್ಲನೆ ಬಿಚ್ಚುವನು. ರೇಡಿಯೋ ಟ್ರಬಲ್ ಎಂದು ವರದಿ ಕೊಟ್ಟರೆ ಬಿಲ್ ಮಂಜೂರು. ತೆಪ್ಪಗಿದ್ದರೆ ಶನಿವಾರವೂ ಅದೇ ನೆಲಮಾಳಿಗೆಯಲ್ಲಿ ವಾಸ.