ಇಂಗಾಲ ದ್ವಿಚಕ್ರ ಮೀಮಾಂಸೆ

ಶಾಸ್ತ್ರ ಬರೆಯುವವನು ಆರಂಭದಲ್ಲೇ ಅನುಬಂಧ ಚತುಷ್ಟಯವನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಹೇಳುತ್ತೇವೆ. ವಿಷಯ: ಚೀನಾದ ಕಾರ್ಖಾನೆಯಿಂದ ನೇರವಾಗಿ ತರಿಸಿದ ಕಾರ್ಬನ್ ಫ್ರೇಮಿಗೆ ಬಿಡಿಭಾಗಗಳನ್ನು ಒಂದೊಂದಾಗಿ ಕೂಡಿಸಿ ಸೈಕಲ್ ಕಟ್ಟುವುದು. ಪ್ರಯೋಜನ: ಹಣದ ಉಳಿತಾಯ (ಇದು ಮುಂದೆ ಖಂಡನೆಗೆ ಒಳಗಾಗಲಿದೆ). ಸಂಬಂಧ: ವಾಟ್ಸಾಪಿನದು. ಅಧಿಕಾರಿ, ಎಂದರೆ ಇದನ್ನು ಓದಲು ಅರ್ಹನಾದವನು: ಮನೆಯಲ್ಲಿ ಎರಡು ಸೈಕಲ್ ನಿಂತಿದ್ದೂ ಮೂರನೆಯದಕ್ಕೆ ಕಾರಣ ಹುಡುಕುತ್ತಿರುವವನು. ಸೈಕಲ್ಲೇ ಇಲ್ಲದವರು ಓದಬಾರದೆಂದೇನಿಲ್ಲ. ಓದಿದರೆ ಅವರ ನೆಮ್ಮದಿ ಹೆಚ್ಚೀತು.

ಉದಾಹರಣೆಗೆ ಒಬ್ಬ ಮನುಷ್ಯ ಬೇಕು. ತರ್ಕದ ಪುಸ್ತಕಗಳಲ್ಲಿ ಶತಮಾನಗಳಿಂದ ಸಂಬಳವಿಲ್ಲದೆ ದುಡಿಯುತ್ತಿರುವ ದೇವದತ್ತನನ್ನೇ ಕರೆದುಕೊಳ್ಳೋಣ. ಈಗ ಅವನಿಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಬಾಲ್ಕನಿಯಿರುವ ಫ್ಲ್ಯಾಟು, ಭಾನುವಾರ ಬೆಳಗ್ಗೆ ನಂದಿಬೆಟ್ಟ.

ದೇವದತ್ತನ ಪೂರ್ವಪಕ್ಷ ಇದು: ‘ದೊಡ್ಡ ಹೆಸರಿನ ಫ್ರೇಮುಗಳೂ ಆಗೋದು ತೈವಾನ್, ಚೀನಾದಲ್ಲೇ. ಅವರು ಐದು ಸಾವಿರ ಡಾಲರ್ ಕೇಳ್ತಾರೆ, ಇವರು ಐದಾರು ನೂರಕ್ಕೆ ಕೊಡ್ತಾರೆ. ಸ್ಟಿಕ್ಕರಿಗೆ ಅಷ್ಟೊಂದು ದುಡ್ಡಾ?’ ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ, ಏಕೆಂದರೆ ಚರಿತ್ರೆ ಅವನ ಕಡೆಗಿದೆ. 1972ರಲ್ಲಿ ತೈವಾನಿನಲ್ಲಿ ಹುಟ್ಟಿದ ಜೈಂಟ್ ಬೆಳೆದದ್ದೇ ಅಮೆರಿಕದ ಶ್ವಿನ್‌ನಂಥವರ ಹೆಸರಿಗೆ ಸೈಕಲ್ ಮಾಡಿಕೊಟ್ಟು. ಅದೇ ವರ್ಷ ಅಲ್ಲೇ ಹುಟ್ಟಿದ ಮೆರಿಡಾ, 2001ರಲ್ಲಿ ಅಮೆರಿಕದ ಸ್ಪೆಷಲೈಸ್ಡ್ ಕಂಪನಿಯ ಶೇಕಡ 49ರಷ್ಟು ಪಾಲನ್ನೇ ಕೊಂಡಿತು. ಇಂದು ಷಿಯಾಮೆನ್ ಕಡೆಯಿಂದ ಕಾರ್ಬನ್ ರಿಮ್ಮುಗಳು ಜಗತ್ತಿಗೆಲ್ಲ ಹೋಗುತ್ತಿವೆ; ಗೇರಿಗೆ ಝುಹಾಯ್‌ನ ಎಲ್‌ಟ್ವೂ ಇದೆ. ಅಚ್ಚು ಕಾರ್ಖಾನೆಯದೇ ಆಗಿದ್ದು, ಕಾಸು ಕೊಟ್ಟ ಯಾರಿಗೇ ಆದರೂ ಅದರಿಂದ ಫ್ರೇಮು ತೆಗೆದುಕೊಡುವ ಪದ್ಧತಿಗೆ ಓಪನ್ ಮೋಲ್ಡ್ ಎನ್ನುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ.

ಆದರೂ ಕಾರ್ಖಾನೆ ಒಂದೇ ಎಂಬ ಹೇತುವಿನಿಂದ ಫ್ರೇಮು ಒಂದೇ ಎಂಬ ಸಾಧ್ಯ ಸಿದ್ಧವಾಗುವುದಿಲ್ಲ. ಫ್ರೇಮು ಆಗುವ ಬಗೆಯನ್ನು ನೋಡಿ. ಎಪಾಕ್ಸಿ ಅಂಟು ಹೀರಿದ ಕಾರ್ಬನ್ ಹಾಳೆಯನ್ನು ಫ್ರೀಜರಿನಿಂದ ತೆಗೆದು, ನೂರಾರು ತುಂಡುಗಳಾಗಿ ಕತ್ತರಿಸಿ, ಕೆಲಸದವರು ಕೈಯಿಂದಲೇ ಪದರದ ಮೇಲೆ ಪದರ ಹಾಸುತ್ತಾರೆ. ಹೊರಗೆ ಲೋಹದ ಅಚ್ಚು, ಒಳಗೆ ಗಾಳಿಯ ಚೀಲ. ಅಚ್ಚು ಕಾದಾಗ ಚೀಲ ಉಬ್ಬಿ ಪದರಗಳನ್ನು ಗೋಡೆಗೆ ಒತ್ತುತ್ತದೆ. ಯಾವ ತುಂಡು, ಯಾವ ಕೋನದಲ್ಲಿ, ಎಷ್ಟು ಪದರ ಎಂಬ ಪಟ್ಟಿಯೇ ಫ್ರೇಮಿನ ಆತ್ಮ. ದೊಡ್ಡ ಕಂಪನಿ ಹಣ ಕೇಳುವುದು ಆ ಪಟ್ಟಿಗೆ, ಮತ್ತು ಚೀಲ ಸರಿಯಾಗಿ ಉಬ್ಬದೆ ಒಳಗೆ ಸುಕ್ಕು ಬಿದ್ದ ಫ್ರೇಮನ್ನು ‘ಇದು ಬೇಡ’ ಎಂದು ಎತ್ತಿಡುವ ಒಬ್ಬ ಮನುಷ್ಯನ ಸಂಬಳಕ್ಕೆ. (ಜುಲೈ ತಿಂಗಳಲ್ಲಿ ಫ್ರಾನ್ಸ್ ಸುತ್ತುವ ತಂಡದ ಬಸ್ಸಿನ ಡೀಸೆಲ್ಲಿಗೂ ಕೇಳುತ್ತದೆ. ಪೂರ್ವಪಕ್ಷಕ್ಕೆ ಇಷ್ಟನ್ನು ಬಿಟ್ಟುಕೊಡುವುದು ನ್ಯಾಯ.) ನೇರವಾಗಿ ತರಿಸಿದವನಿಗೆ ಆ ಮನುಷ್ಯ ಸಿಗುವುದಿಲ್ಲ. ಆ ಕೆಲಸ ಯಾರ ಪಾಲಿಗೆ ಬಂತು ಎಂಬುದೇ ಈ ಪ್ರಬಂಧದ ಮುಖ್ಯ ಪ್ರಶ್ನೆ.

ಇನ್ನು ಪ್ರಮಾಣ ವಿಚಾರ, ಎಂದರೆ ತಿಳಿಯುವ ಬಗೆಗಳ ವಿಚಾರ. ಭಾಟ್ಟ ಮೀಮಾಂಸಕರು ಆರು ಪ್ರಮಾಣಗಳನ್ನು ಒಪ್ಪುತ್ತಾರೆ, ನೈಯಾಯಿಕರು ನಾಲ್ಕನ್ನು. ಚಾರ್ವಾಕರಿಗೆ ಪ್ರತ್ಯಕ್ಷ ಒಂದೇ ಸಾಕು. ಕಾರ್ಬನ್ನಿನ ಮುಂದೆ ಚಾರ್ವಾಕರಿಗೆ ಸೋಲು ಖಚಿತ. ಕಬ್ಬಿಣದ ಫ್ರೇಮು ಪೆಟ್ಟು ತಿಂದರೆ ಸೊಟ್ಟಗಾಗಿ ತನ್ನ ನೋವನ್ನು ತೋರಿಸಿಕೊಳ್ಳುತ್ತದೆ. ಕಾರ್ಬನ್ನಿನಲ್ಲಿ ಪದರ ಬಿಟ್ಟುಕೊಂಡಿದ್ದರೂ ಮೇಲಿನ ಬಣ್ಣ ನಗುತ್ತಲೇ ಇರುತ್ತದೆ. ಹಾಗಾಗಿ ಬಲ್ಲವರು ನಾಣ್ಯವೊಂದನ್ನು ಹಿಡಿದು ಕೊಳವೆಯ ಉದ್ದಕ್ಕೂ ಕುಟ್ಟುತ್ತ ಹೋಗುತ್ತಾರೆ. ಟಣ್ ಎನ್ನಬೇಕಾದಲ್ಲಿ ಡಬ್ ಎಂದರೆ ಅನುಮಾನಕ್ಕೆ ಎಡೆ. ಇಎಂಐ ವಿಷಯದಲ್ಲಿ ಮಾತ್ರ ಸಾಲ ಮಾಡಿಯಾದರೂ ತುಪ್ಪ ತಿನ್ನು ಎಂಬ ಚಾರ್ವಾಕರ ಅಭಿಪ್ರಾಯವೇ ಈಗಲೂ ಬಹುಮತದ್ದು.

ಶಬ್ದ ಪ್ರಮಾಣವೆಂದರೆ ಆಪ್ತನ ಮಾತು. ಕಾರ್ಖಾನೆಯ ಮಾರಾಟ ಪ್ರತಿನಿಧಿಗಿಂತ ಆಪ್ತರು ಯಾರಿದ್ದಾರೆ? ಮೊದಲ ಸಂದೇಶದಲ್ಲೇ ‘ಹಲೋ ಡಿಯರ್’. ಸ್ವಂತ ಅಕ್ಕ ಕೂಡ ದೇವದತ್ತನನ್ನು ಇಷ್ಟು ಅಕ್ಕರೆಯಿಂದ ಮಾತಾಡಿಸಿ ಬಹಳ ಕಾಲವಾಯಿತು. ‘ಬಾಟಮ್ ಬ್ರಾಕೆಟ್ (ಪೆಡಲ್ ಅಚ್ಚಿನ ಬೇರಿಂಗು) ಕೂರುವ ಜಾಗದ ಒಳವ್ಯಾಸ ಎಷ್ಟರಮಟ್ಟಿಗೆ ನಿಖರ?’ ಎಂದು ಕೇಳಿದರೆ ಉತ್ತರ: ‘ಡೋಂಟ್ ವರಿ ಮೈ ಫ್ರೆಂಡ್, ವೆರಿ ಗುಡ್ ಕ್ವಾಲಿಟಿ.’ ಇಲ್ಲಿ ಮೀಮಾಂಸಕರ ಸಹಾಯ ಬೇಕು. ವಾಕ್ಯಗಳಲ್ಲಿ ಮಾಡಬೇಕಾದ್ದನ್ನು ಹೇಳುವುದು ವಿಧಿ, ಬರಿದೆ ಹೊಗಳುವುದು ಅರ್ಥವಾದ. ಮೇಲಿನ ವಾಕ್ಯ ಶುದ್ಧ ಅರ್ಥವಾದ.

ಟಿ700, ಟಿ800, ಟಿ1000 ಎಂಬ ಮಂತ್ರಾಕ್ಷರಗಳೂ ಬಹುಪಾಲು ಇದೇ ಜಾತಿಯವು. ಇವು ಜಪಾನಿನ ಟೋರೆ ಕಂಪನಿಯ ನಾರಿನ ದರ್ಜೆಗಳು. ಟಿ700 ನಾರಿನ ಬಿಗುಪು 230 ಗಿಗಾಪಾಸ್ಕಲ್. ಟಿ800, ಟಿ1000 ಎರಡರದ್ದೂ 294. ಅಂದರೆ ಸಾವಿರದ್ದನ್ನು ಹರಿಯಲು ಹೆಚ್ಚು ಬಲ ಬೇಕು, ಆದರೆ ಅದು ಎಂಟುನೂರರದ್ದಕ್ಕಿಂತ ಬಿಗಿಯೇನಲ್ಲ. ದೇವದತ್ತ ಮಾತ್ರ ಹೆಚ್ಚಿನ ಸಂಖ್ಯೆಗೆ ಹೆಚ್ಚಿನ ಹಣ ಕೊಟ್ಟು, ಏರಿನಲ್ಲಿ ವ್ಯತ್ಯಾಸ ಗೊತ್ತಾಯಿತೆಂದು ಗೆಳೆಯರಿಗೆ ಹೇಳುತ್ತಾನೆ. ಗೆಳೆಯರೂ ಆಪ್ತರೇ ಆದ್ದರಿಂದ ನಂಬುತ್ತಾರೆ. ವಿಧಿವಾಕ್ಯವೇ ಬೇಕೆನ್ನುವವರು ಐಎಸ್‌ಒ 4210ರ ಪರೀಕ್ಷಾ ವರದಿ ಕೇಳತಕ್ಕದ್ದು. ಆ ಮಾನಕದಲ್ಲಿ ಫ್ರೇಮಿನ ಮೇಲೆ ಪೆಡಲ್ ತುಳಿತದ ಬಲವನ್ನು ಒಂದು ಲಕ್ಷ ಆವರ್ತ ಹೇರಿ ನೋಡುತ್ತಾರೆ. ಲಕ್ಷ ಬಿಲ್ವಾರ್ಚನೆಯ ನಂತರ ಬಿರುಕು ಬಿಡದಿದ್ದರೆ ಪಾಸು.

ಉಪಮಾನದ ಪಾಠ ಚಿಕ್ಕದು. ಗವಯವೆಂಬ ಕಾಡುಪ್ರಾಣಿ ಹಸುವಿನಂತಿರುತ್ತದೆ. ಕಾಡಿಗೆ ಹೋದವನು ಹೋಲಿಕೆಯಿಂದ ಅದನ್ನು ಗುರುತಿಸುತ್ತಾನೆ. ಓಪನ್ ಮೋಲ್ಡ್ ಫ್ರೇಮು ಇಟಲಿಯ ಹೆಸರಾಂತ ಫ್ರೇಮಿನಂತೆ ಕಂಡರೆ ಅದು ಗವಯ, ತಪ್ಪಿಲ್ಲ. ಆದರೆ ಗವಯದ ಕೊರಳಿಗೆ ಹಸುವಿನ ಗಂಟೆ ಕಟ್ಟಿ, ಇಟಲಿಯವರ ಹೆಸರನ್ನೇ ಬರೆದು ಮಾರುವವರೂ ಇದ್ದಾರೆ. ಅದು ಕಳ್ಳಮಾಲು. ಅದರ ಚರ್ಚೆ ಪೊಲೀಸರ ಶಾಸ್ತ್ರದಲ್ಲಿ ಬರುತ್ತದೆ.

ಅನುಮಾನ ಪ್ರಮಾಣಕ್ಕೆ ಮಾತ್ರ ಹೆಚ್ಚು ಪುಟ ಕೊಡಲೇಬೇಕು. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆ ಎಂಬುದು ನ್ಯಾಯದ ಮೊದಲ ಪಾಠವಷ್ಟೆ. ನಂದಿಬೆಟ್ಟದ ಏರಿನಲ್ಲಿ ದೇವದತ್ತನ ಸೈಕಲ್ಲಿನಿಂದ ಕಿರ್ ಕಿರ್ ಸದ್ದು ಹೊರಟಿದೆ. ಪ್ರತಿಜ್ಞೆ: ಬಾಟಮ್ ಬ್ರಾಕೆಟ್ ಹೋಗಿದೆ. ಹೇತು: ಕಿರುಗುಟ್ಟುತ್ತಿರುವುದರಿಂದ. ಉದಾಹರಣೆ: ಯಾವುದು ಯಾವುದು ಕಿರುಗುಟ್ಟುವುದೋ ಅದರದರ ಬಾಟಮ್ ಬ್ರಾಕೆಟ್ ಹೋಗಿರುತ್ತದೆ, ಕಳೆದ ವರ್ಷ ಗೆಳೆಯನದ್ದು ಹೋದಂತೆ. ಉಪನಯ: ಇದೂ ಹಾಗೆಯೇ ಕಿರುಗುಟ್ಟುತ್ತಿದೆ. ನಿಗಮನ: ಆದ್ದರಿಂದ ಹೊಸದನ್ನು ಆರ್ಡರ್ ಮಾಡತಕ್ಕದ್ದು. ಪಂಚಾವಯವ ವಾಕ್ಯ ನಿರ್ದುಷ್ಟ. ಹೊಸದು ಬಂತು, ಹಾಕಿದ್ದಾಯಿತು, ಸದ್ದು ಹಾಗೇ ಇದೆ. ಇದಕ್ಕೆ ಶಾಸ್ತ್ರದಲ್ಲಿ ಸವ್ಯಭಿಚಾರವೆಂಬ ಹೇತ್ವಾಭಾಸ ಎಂದು ಹೆಸರು. ಸೈಕಲ್ ಅಂಗಡಿಯಲ್ಲಿ ಇದಕ್ಕೆ ‘ಸಾರ್, ಸೀಟ್ ಪೋಸ್ಟ್ ನೋಡಿದ್ರಾ?’ ಎನ್ನುತ್ತಾರೆ. ಸದ್ದು ಸೀಟ್ ಪೋಸ್ಟಿನದಿರಬಹುದು, ಸೀಟಿನ ಕೆಳಗಿನ ಕಂಬಿಯದಿರಬಹುದು, ಹಿಂದಿನ ಡಿರೇಲರ್ ತೂಗುವ ಹ್ಯಾಂಗರಿನದೋ ಹೆಡ್‌ಸೆಟ್ಟಿನದೋ ಇರಬಹುದು. ಪೊಳ್ಳು ಕಾರ್ಬನ್ ಕೊಳವೆ ಎಲ್ಲಿಯ ಸದ್ದನ್ನೂ ಇನ್ನೆಲ್ಲಿಯದೋ ಎಂಬಂತೆ ಕೇಳಿಸುತ್ತದೆ. ಎದ್ದು ನಿಂತು ತುಳಿದಾಗ ಸದ್ದು ನಿಂತರೆ ದೋಷ ಸೀಟಿನ ಕಡೆಯದು. ಇಷ್ಟು ಸರಳ ಪರೀಕ್ಷೆಯನ್ನು ಯಾರೂ ಮಾಡದಿರುವುದು ನ್ಯಾಯಶಾಸ್ತ್ರದ ಮೇಲಿನ ಗೌರವದಿಂದ ಇರಬೇಕು.

ಬಾಟಮ್ ಬ್ರಾಕೆಟ್ಟಿನ ಮತಭೇದಗಳನ್ನೂ ಇಲ್ಲೇ ಹೇಳಿಬಿಡಬೇಕು. ತಿರುಪಿನ ಮರೆಯಿರುವ ಮೂಲ ಸಂಪ್ರದಾಯ ಬಿಎಸ್‌ಎ. ನಮ್ಮೂರ ಬೀದಿಗಳಲ್ಲಿ ಓಡಿದ ಬಿಎಸ್‌ಎ ಎಸ್‌ಎಲ್‌ಆರ್ ಸೈಕಲ್ಲಿನ ಹೆಸರೂ, ಈ ಮರೆಯ ಹೆಸರೂ ಬರ್ಮಿಂಗ್‌ಹ್ಯಾಮಿನ ಅದೇ ಬಂದೂಕು ಕಾರ್ಖಾನೆಯಿಂದ ಬಂದವು. ಇದರಲ್ಲಿ ಚೈನಿರುವ ಕಡೆಯ ಕಪ್ಪಿಗೆ ಎಡಮರೆ. ಲೋಕದ ಎಲ್ಲ ಬೋಲ್ಟುಗಳಿಗೂ ವಿರುದ್ಧವಾಗಿ ತಿರುಗಿಸಬೇಕು. ಇಟಲಿಯವರು ಎರಡೂ ಕಡೆ ಬಲಮರೆ ಇಟ್ಟರು. ಆಮೇಲೆ ಮರೆಯೇ ಬೇಡ, ಬೇರಿಂಗನ್ನು ಹಾಗೇ ಒತ್ತಿ ಕೂರಿಸೋಣ ಎಂಬ ಪಂಥ ಹುಟ್ಟಿ ಬಿಬಿ30, ಪಿಎಫ್30, ಬಿಬಿ86, ಬಿಬಿ386 ಎಂದು ಶಾಖೆಗಳೊಡೆದವು. ಒತ್ತಿ ಕೂರಿಸಬೇಕಾದರೆ ರಂಧ್ರ ನಿಖರವಾಗಿರಬೇಕು, ಎರಡೂ ಕಡೆಯವು ಒಂದೇ ಸಾಲಿನಲ್ಲಿರಬೇಕು. ಅಗ್ಗದ ಫ್ರೇಮು ಕೈಕೊಡುವುದು ಹೆಚ್ಚಾಗಿ ಇಲ್ಲೇ. ಕೊನೆಗೆ 2015ರಲ್ಲಿ ಟಿ47 ಎಂಬ ದೊಡ್ಡ ವ್ಯಾಸದ ಮರೆ ಬಂದು, ಪಂಡಿತರು ಮತ್ತೆ ತಿರುಪಿಗೇ ಶರಣಾದರು. ಹೊಸಬರಿಗೆ ನಮ್ಮ ಸಲಹೆ: ಕಾರ್ಖಾನೆ ಮರೆಯಿರುವ ಫ್ರೇಮು ಕೊಡುತ್ತದೆಂದರೆ ತತ್ತ್ವಜಿಜ್ಞಾಸೆ ಬಿಟ್ಟು ಅದನ್ನೇ ತೆಗೆದುಕೊಳ್ಳಿ.

ಬಾಟಮ್ ಬ್ರಾಕೆಟ್ ಮುಗಿದರೆ ಕೂಟ ನೋಡುವ ಕೆಲಸ. ಒಂದು ಕಂಪನಿಯ ಶಿಫ್ಟರ್ ಎಳೆಯುವಷ್ಟು ಕೇಬಲ್ಲು ಇನ್ನೊಂದರ ಡಿರೇಲರಿಗೆ ಒಗ್ಗುವುದಿಲ್ಲ. ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್, ಸ್ರಾಮ್ ರೋಡ್ ಬ್ರೇಕಿಗೆ ಡಾಟ್ ಫ್ಲೂಯಿಡ್. ಅದಲುಬದಲಾದರೆ ರಬ್ಬರ್ ಸೀಲುಗಳು ಹಾಳು. ಗಂಡುಹೆಣ್ಣಿನ ಜಾತಕ ಇಷ್ಟು ಕಟ್ಟುನಿಟ್ಟಾಗಿ ನೋಡಿದ್ದರೆ ದೇವದತ್ತನ ಮದುವೆಯೇ ಆಗುತ್ತಿರಲಿಲ್ಲ.

ಅನುಪಲಬ್ಧಿಯೆಂಬ ಪ್ರಮಾಣವನ್ನು ಒಪ್ಪದವರು ಪೆಟ್ಟಿಗೆ ಒಡೆಯುವ ದಿನ ಒಪ್ಪುತ್ತಾರೆ. ನೆಲದ ಮೇಲೆ ಗಡಿಗೆಯಿಲ್ಲ ಎಂಬ ಜ್ಞಾನ ಹೇಗೆ ಉಂಟಾಗುತ್ತದೆಂದು ಹಿಂದಿನವರು ಕಾದಾಡಿದರು. ಪೆಟ್ಟಿಗೆಯಲ್ಲಿ ಫ್ರೇಮಿದೆ, ಫೋರ್ಕಿದೆ, ಎಕ್ಸ್‌ಪ್ಯಾಂಡರ್ ಇಲ್ಲ. ಫೋರ್ಕಿನ ಕಾರ್ಬನ್ ಸ್ಟೀರರ್ ಕೊಳವೆಯೊಳಗೆ ಉಬ್ಬಿ ನಿಲ್ಲಬೇಕಾದ ಆ ಚಿಕ್ಕ ವಸ್ತುವಿಲ್ಲದೆ ಹೆಡ್‌ಸೆಟ್ಟು ಬಿಗಿಯಾಗುವುದಿಲ್ಲ. ಅದರ ಬದಲು ಅಲ್ಯೂಮಿನಿಯಂ ಸ್ಟೀರರಿಗೆ ಬಡಿಯುವ ಸ್ಟಾರ್ ನಟ್ಟನ್ನು ಸುತ್ತಿಗೆಯಿಂದ ಹೊಡೆದು ಕೂರಿಸಹೋದರೆ ಒಳಗೋಡೆ ಗೀರಿ ಹೋಗುತ್ತದೆ; ಆಮೇಲೆ ಶಾಸ್ತ್ರವೂ ಕಾಪಾಡದು, ಹಲ್ಲಿನ ಡಾಕ್ಟರು ಕಾಪಾಡಬೇಕು.

ಈಗ ಈ ಶಾಸ್ತ್ರದ ಗರ್ಭಕ್ಕೆ ಬಂದೆವು: ಸೈಕಲ್ ಎಂಬುದು ಇದೆಯೇ? ಮಿಲಿಂದಪ್ರಶ್ನೆಯಲ್ಲಿ ಭಿಕ್ಷು ನಾಗಸೇನ ರಾಜನ ರಥವನ್ನು ಹಿಡಿದು ಇದೇ ವಿಚಾರ ಎತ್ತುತ್ತಾನೆ. ಅಚ್ಚು ರಥವಲ್ಲ, ಚಕ್ರ ರಥವಲ್ಲ, ನೊಗವೂ ಅಲ್ಲ; ರಥವೆಂಬುದು ಎಲ್ಲ ಸೇರಿದಾಗಿನ ಒಂದು ಹೆಸರು ಮಾತ್ರ. ನೈಯಾಯಿಕರು ಒಪ್ಪರು. ಅವಯವಗಳಿಂದ ಬೇರೆಯಾದ ಅವಯವಿ ಎಂಬುದೊಂದು ನಿಜವಾಗಿಯೂ ಇದೆ ಎನ್ನುತ್ತಾರೆ. ಈ ಹಳೆಯ ಜಗಳ ಈಗ ಕಸ್ಟಮ್ಸ್ ಕಚೇರಿಗೂ ಗ್ಯಾರಂಟಿ ಕಾರ್ಡಿಗೂ ಬಂದಿದೆ. ಸುಂಕದ ಪಟ್ಟಿಯಲ್ಲಿ ಇಡೀ ಸೈಕಲ್ಲು 8712, ಫ್ರೇಮು ಮತ್ತು ಫೋರ್ಕು 8714.91. ಬಿಡಿಬಿಡಿಯಾಗಿ ಬಂದದ್ದೂ ಒಟ್ಟಿಗೆ ಸೈಕಲ್ಲಿನ ಮುಖ್ಯ ಲಕ್ಷಣ ಹೊಂದಿದ್ದರೆ ಅದನ್ನು ಸೈಕಲ್ಲೆಂದೇ ಎಣಿಸಬೇಕೆನ್ನುತ್ತದೆ ವರ್ಗೀಕರಣದ ಎರಡನೇ ನಿಯಮ. ಅಂದರೆ ಕಸ್ಟಮ್ಸಿನವರು ಕಟ್ಟಾ ನೈಯಾಯಿಕರು. ಅವರೊಡನೆ ವಾದ ಬೇಡ; ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡವರು ಹಿಂದೆಯೂ ಗೆದ್ದಿಲ್ಲ.

ಗ್ಯಾರಂಟಿ ಕೊಡುವವರು ನಾಗಸೇನನ ಪಕ್ಷ. ಏನಾದರೂ ಮುರಿದಾಗ ಫ್ರೇಮಿನವನು ‘ತಪ್ಪು ಹೆಡ್‌ಸೆಟ್ಟಿನದು’ ಎನ್ನುತ್ತಾನೆ, ಹೆಡ್‌ಸೆಟ್ಟಿನವನು ಜೋಡಿಸಿದವನ ಕಡೆ ಬೆರಳು ತೋರುತ್ತಾನೆ, ಅಂಗಡಿಯವನು ‘ಇದು ಯಾವ ಕಂಪ್ನಿ ಸಾರ್?’ ಎಂದು ಕೇಳಿ ಕೈತೊಳೆಯುತ್ತಾನೆ. ಫ್ರೇಮು ಇದೆ, ಚಕ್ರ ಇದೆ, ಹೊಣೆ ಹೊರಲು ಸೈಕಲ್ಲೆಂಬುದೇ ಇಲ್ಲ. 2020ರ ನವೆಂಬರಿನಲ್ಲಿ ಚೀನಾದ ಆನ್‌ಲೈನ್ ಅಂಗಡಿ ಅಲಿಎಕ್ಸ್‌ಪ್ರೆಸ್ ಭಾರತದಲ್ಲಿ ನಿಷೇಧವಾದ ಮೇಲೆ ದೂರು ಕೊಡಲು ಇದ್ದ ಒಂದು ಗುಂಡಿಯೂ ಹೋಯಿತು. ಕೆಲವರ ಫ್ರೇಮು ಈಗ ಕ್ಯಾಲಿಫೋರ್ನಿಯಾದ ಭಾವಮೈದುನನ ಮನೆಗೆ ಹೋಗಿ, ಯುಗಾದಿಗೆ ಬರುವ ಅವನ ಲಗೇಜಿನಲ್ಲಿ ತಾಯ್ನಾಡಿನ ಕಡೆ ಹೊರಡುತ್ತದೆ. ಭಾವಮೈದುನನೂ ಗ್ಯಾರಂಟಿ ಕೊಡುವುದಿಲ್ಲ.

ಉಳಿದದ್ದು ಅರ್ಥಾಪತ್ತಿ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂದು ಊಹಿಸಬೇಕಾಗುತ್ತದೆ. ನಮ್ಮ ದೇವದತ್ತ ಫ್ರೇಮಿನಲ್ಲಿ ಲಕ್ಷಗಟ್ಟಲೆ ಉಳಿಸಿದ್ದಾನೆ, ಆದರೆ ಅವನ ಬ್ಯಾಂಕ್ ಖಾತೆ ದಪ್ಪಗಾಗಿಲ್ಲ. ರಾತ್ರಿ ಏನೋ ನಡೆಯುತ್ತಿದೆ. ನಡೆದದ್ದು ಇದು: ಬೇರಿಂಗ್ ಒತ್ತುವ ಪ್ರೆಸ್, ಸ್ಟೀರರ್ ಕೊಯ್ಯಲು ಗರಗಸ, ಬ್ರೇಕಿಗೆ ಎಣ್ಣೆ ತುಂಬುವ ಕಿಟ್ಟು, ಸೈಕಲ್ ನಿಲ್ಲಿಸುವ ಸ್ಟ್ಯಾಂಡು, ಆಮೇಲೆ ‘ಫ್ರೇಮು ಅಗ್ಗಕ್ಕೆ ಸಿಕ್ಕಿತಲ್ಲ’ ಎಂಬ ನೆಪದಲ್ಲಿ ಕಾರ್ಬನ್ ಚಕ್ರಗಳು. ಪಟ್ಟಿಯಲ್ಲಿ ಎಂಟುನೂರು ಗ್ರಾಮೆಂದಿದ್ದ ಫ್ರೇಮು ತಕ್ಕಡಿಯಲ್ಲಿ ಸಾವಿರ ತೂಗಿತು. ಬಣ್ಣವಿಲ್ಲದೆ, ಅತಿ ಚಿಕ್ಕ ಅಳತೆಯಲ್ಲಿ ತೂಗಿದ್ದರೆಂದು ಇಲ್ಲಿಯೂ ಅರ್ಥಾಪತ್ತಿಯಿಂದಲೇ ತಿಳಿಯಬೇಕು. ಆ ಇನ್ನೂರು ಗ್ರಾಮನ್ನು ಬೇರೆ ಕಡೆ ಇಳಿಸಲು ಮತ್ತೊಂದಿಷ್ಟು ಹಣ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ರೇಸಿನ ಸೈಕಲ್ಲು 6.8 ಕಿಲೋಗಿಂತ ಹಗುರವಿರಬಾರದೆಂದು 2000ದಿಂದಲೇ ನಿಯಮ ಮಾಡಿದೆ. ದೇವದತ್ತ ಯಾವ ರೇಸಿಗೂ ಹೋಗುವವನಲ್ಲ. ಆದರೆ ಆ ನಿಯಮವನ್ನು ಮುರಿಯುವ ಹಕ್ಕು ತನಗಿರಲೆಂದು ಬಯಸುತ್ತಾನೆ.

ಸಿದ್ಧಾಂತ: ಕಾರ್ಖಾನೆಯಿಂದ ನೇರವಾಗಿ ತರಿಸುವವನು ಅಗ್ಗದ ಸೈಕಲ್ಲು ಕೊಳ್ಳುತ್ತಿಲ್ಲ, ಒಂದು ಸೈಕಲ್ ಕಂಪನಿ ತೆರೆಯುತ್ತಿದ್ದಾನೆ. ಅದರ ವಿನ್ಯಾಸ ವಿಭಾಗ, ಗುಣಮಟ್ಟ ಪರೀಕ್ಷಕ, ಆಮದು ಗುಮಾಸ್ತ, ಫಿಟ್ಟರು, ದೂರು ಸ್ವೀಕರಿಸುವ ಕೌಂಟರು ಎಲ್ಲವೂ ಅವನೇ. ಆ ಕಂಪನಿಯ ಏಕೈಕ ಗಿರಾಕಿಯೂ ಅವನೇ. ಅವನು ಮೊದಲಿಗೆ ಬೈಯಬೇಕಾದದ್ದು ತನ್ನನ್ನೇ. ಆ ಎಲ್ಲ ಕೆಲಸಗಳಲ್ಲಿ ಸುಖ ಕಾಣುವವನಿಗೆ ಇದು ಸಾರ್ಥಕ ವ್ಯವಹಾರ. ಬರೀ ಸೈಕಲ್ ಹೊಡೆಯಬೇಕೆಂದಿರುವವನು ಅಂಗಡಿಗೆ ಹೋಗುವುದು ಲೇಸು.

ಇಷ್ಟು ಓದಿಯೂ ಆರ್ಡರ್ ಮಾಡುವವರಲ್ಲಿ ಒಂದು ವಿನಂತಿ. ಫ್ರೇಮಿಗಿಂತ ಮೊದಲು ಟಾರ್ಕ್ ರೆಂಚ್ ಕೊಳ್ಳಿ. ಸ್ಟೆಮ್ಮಿನ ಬೋಲ್ಟಿನ ಮೇಲೆ ಐದು ನ್ಯೂಟನ್ ಮೀಟರ್ ಎಂದು ಬರೆದಿದ್ದರೆ ಐದೇ ಇರಲಿ, ಕಾರ್ಬನ್ ಸೀಟ್ ಪೋಸ್ಟಿಗೆ ಗ್ರೀಸ್ ಬದಲು ಕಾರ್ಬನ್ ಪೇಸ್ಟ್ ಹಚ್ಚಿ. ಹ್ಯಾಂಗರ್ ಮಾತ್ರ ಎರಡು ತರಿಸಿಕೊಳ್ಳಿ. ನಿಮ್ಮ ಫ್ರೇಮಿಗೆ ಹೊಂದುವ ಇನ್ನೊಂದು ಹ್ಯಾಂಗರು ಊರಿನ ಯಾವ ಅಂಗಡಿಯಲ್ಲೂ ಸಿಗುವ ಭರವಸೆಯಿಲ್ಲ.