ಬ್ಯಾರೊನೆಟ್ ಲಕ್ಷಣ ಮೀಮಾಂಸೆ

ಪಿತ್ರಾರ್ಜಿತ ಆಸ್ತಿ ಇರುವುದು ಅನುಭವಿಸುವುದಕ್ಕೆಂದು ಲೋಕ ನಂಬಿದೆ. ಈ ಮೌಢ್ಯವನ್ನು ನಿರ್ಮೂಲ ಮಾಡಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚುವುದೇ ಆಸ್ತಿಯ ಪರಮ ಪ್ರಯೋಜನವೆಂದು ಸ್ಥಾಪಿಸುವುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಮೊದಲು ಲಕ್ಷಣ ನಿರೂಪಣೆ. ಹಣದ ಮುಗ್ಗಟ್ಟಿನಲ್ಲಿದ್ದ ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್ 1611ರಲ್ಲಿ ಬ್ಯಾರೊನೆಟ್ ಎಂಬ ಬಿರುದನ್ನು ಮಾರಾಟಕ್ಕಿಟ್ಟ. ಐರ್ಲೆಂಡಿನ ಅಲ್‌ಸ್ಟರ್‌ನಲ್ಲಿ 30 ಸೈನಿಕರನ್ನು ದಿನಕ್ಕೆ ತಲಾ 8 ಪೆನ್ನಿಯಂತೆ ಮೂರು ವರ್ಷ ಸಾಕುವ ಖರ್ಚೇ ಅದರ ಬೆಲೆ: 1,095 ಪೌಂಡ್. ಮೂಲಪುರುಷ ಒಮ್ಮೆ ಹಣ ಕಟ್ಟಿದರೆ ಮುಂದಿನವರು ಏನೂ ಮಾಡದೆ ತಲೆತಲಾಂತರಕ್ಕೂ 'ಸರ್' ಅನ್ನಿಸಿಕೊಳ್ಳಬಹುದು. ಏನೂ ಮಾಡದಿರುವುದು ಇಲ್ಲಿ ಸೋಮಾರಿತನವಲ್ಲ, ಕುಲಧರ್ಮ.

ಪ್ರತ್ಯಕ್ಷ ಪ್ರಮಾಣಕ್ಕೆ ಡರ್ಬಿಶೈರ್‌ನ ಕಾಲ್ಕ್ ಅಬ್ಬೆ ಎಂಬ ಬಂಗಲೆಯ ಹಾರ್ಪರ್ ಕ್ರೂ ಮನೆತನವೇ ಸಾಕು. (ಅಲ್ಲಿ ಅಬ್ಬೆ, ಅಂದರೆ ದೊಡ್ಡ ಕ್ರೈಸ್ತ ಮಠ, ಎಂದೂ ಇರಲಿಲ್ಲ; ಇದ್ದದ್ದು ಅದಕ್ಕಿಂತ ಸಣ್ಣ ಮಠ. ಹೆಸರಿಗೇನು ಕಂದಾಯವೇ?) ಏಳನೆಯ ಬ್ಯಾರೊನೆಟ್ ಸರ್ ಹೆನ್ರಿ ಜನರ ಮುಖ ನೋಡಲಾರದೆ ಆಳುಗಳಿಗೂ ಚೀಟಿ ಬರೆದೇ ಆಜ್ಞೆ ಮಾಡುತ್ತಿದ್ದ. ಹತ್ತನೆಯವನಾದ ಸರ್ ವಾನ್ಸಿ (1846–1924) ಈ ಪರಂಪರೆಯನ್ನು ಶಿಖರಕ್ಕೇರಿಸಿದ. ಎಸ್ಟೇಟಿನೊಳಗೆ ಮೋಟಾರು ಕಾರಿಗೆ ಪ್ರವೇಶ ನಿಷೇಧಿಸಿದ. ಹುಲ್ಲು ತುಂಬಿದ ಹಕ್ಕಿಗಳ ಗಾಜಿನ ಪೆಟ್ಟಿಗೆಗಳನ್ನು ಸಾವಿರಗಟ್ಟಲೆ ಕೂಡಿಹಾಕಿದ. ಒಂದು ಕೋಣೆ ತುಂಬಿದರೆ ಇನ್ನೊಂದಿತ್ತಲ್ಲ. ಇನ್ನು ಆ ಮನೆಯ ಪ್ರಸಿದ್ಧ ಮಂಚ: 18ನೆಯ ಶತಮಾನದ್ದು, ಚೀನೀ ರೇಷ್ಮೆ ಕಸೂತಿಯ ಪರದೆಗಳುಳ್ಳದ್ದು. ಬಿಚ್ಚದ ಪೆಟ್ಟಿಗೆಗಳಲ್ಲೇ ಉಳಿದು, 20ನೆಯ ಶತಮಾನದ ಕೊನೆಯಲ್ಲಿ ಬಣ್ಣಗೆಡದೆ ಹೊರಬಂತು. ಯಾರಾದರೂ ಅದರ ಮೇಲೆ ಮಲಗಿದ್ದರೆ ಇಂದು ಅದೊಂದು ಹಳೇ ಮಂಚ, ಅಷ್ಟೆ.

ಪೂರ್ವಪಕ್ಷದವರು ಕೇಳಬಹುದು: ಈ ಹಕ್ಕಿಗಳಿಗೆ ಹುಲ್ಲು ಒದಗಿಸಿದವರು ಗೇಣಿದಾರರಲ್ಲವೇ? ನಿಜ. ಆದರೆ ಅವರೂ ಗೇಣಿ ತೆತ್ತು ಪುಣ್ಯದಲ್ಲಿ ಪಾಲು ಪಡೆದರು. ಪಕ್ಷಿಗಳಲ್ಲಿ ಪಡೆಯಲಿಲ್ಲ, ಅಷ್ಟೆ. 1962ರವರೆಗೂ ವಿದ್ಯುತ್ತಿಲ್ಲದೆ ಮನೆ ಹಾಳುಬಿತ್ತಲ್ಲ ಎಂಬ ಎರಡನೆಯ ಆಕ್ಷೇಪವೂ ನಿಲ್ಲದು. 1981ರಲ್ಲಿ ಆಗಿನ ವಾರಸುದಾರ ತೀರಿಕೊಂಡಾಗ ಮರಣ ತೆರಿಗೆ ಮಿಲಿಯನ್‌ಗಟ್ಟಲೆ ಪೌಂಡಾಯಿತು. 1985ರಲ್ಲಿ ಮನೆ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್‌ನ ಪಾಲಾಯಿತು. ಟ್ರಸ್ಟ್ ಏನು ಮಾಡಿತು? ಮನೆಯನ್ನು ಹೊಸದಾಗಿಸಲಿಲ್ಲ. ಸುಲಿದ ಗೋಡೆಕಾಗದ ಸುಲಿದಂತೆಯೇ ಇರಲೆಂದು ಹಣ ಸುರಿದು ಕಾಪಾಡಿತು. ನಮ್ಮ ಸಿದ್ಧಾಂತಕ್ಕೆ ಇದಕ್ಕಿಂತ ಹೆಚ್ಚಿನ ಮನ್ನಣೆ ಬೇಕೆ?

ಪೆಟ್ಟಿಗೆಗೆ ಸಿಗದೆ ಹೋದದ್ದು ಬಿರುದೊಂದೇ. ವಾನ್ಸಿಯ ಒಬ್ಬನೇ ಮಗ ತಂದೆಗಿಂತ ಮೊದಲೇ ತೀರಿಕೊಂಡಿದ್ದ, ಹೆಣ್ಣುಮಕ್ಕಳಿಗೆ ಅದು ದಾಟುವಂತಿರಲಿಲ್ಲ. ಎಸ್ಟೇಟು ಮಾತ್ರ ಮಗಳು ಹಿಲ್ಡಾಳಿಗೆ ಬಂತು. ಆಗಿನ ಮರಣ ತೆರಿಗೆ ಕಟ್ಟಲು ಅವಳು ತಂದೆಯ ಸಂಗ್ರಹದ ಒಂದು ಪಾಲನ್ನು ಮಾರಿದಳು.